ಮಾವ ಹತ್ತದ ಗುಡ್ಡ

ಹಲ್ಲು ಕಟ್ಟುವುದು ಅವನ ಕಸುಬು. ದಂತವೈದ್ಯರು ಕಳಿಸಿದ ಅಚ್ಚನ್ನು ಮುಂದಿಟ್ಟುಕೊಂಡು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ತಾನು ಮುಖವನ್ನೇ ನೋಡಿರದ ಯಾರದೋ ಬಾಯಿಗೆ ಸೆಟ್ಟು ಮಾಡಿಕೊಡುತ್ತಿದ್ದ. ಔಷಧಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಅವನ ಕೆಲಸ. ಕಿಟಕಿಯ ಬೆಳಕಿಗೆ ಒಡ್ಡಿದ ಮೇಜು, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಪುಡಿ, ಗೋಡೆಯ ಹಲಗೆಯ ಮೇಲೆ ಸಾಲಾಗಿ ಬಾಯಿ ತೆರೆದು ಕೂತ ದವಡೆಗಳು. ಹೊಗೆ ಸೇದುವವರ ಹಲ್ಲಿಗೆ ಎಷ್ಟು ಹಳದಿ ಬೇಕು, ವಯಸ್ಸಾದವರ ಒಸಡಿನಲ್ಲಿ ಎಷ್ಟು ಕೆಂಪು ಕಡಿಮೆ ಮಾಡಬೇಕು ಎನ್ನುವುದರಲ್ಲಿ ಅವನದು ಎತ್ತಿದ ಕೈ. ಕಟ್ಟಿಸಿದ ಹಲ್ಲು ಕಟ್ಟಿಸಿದ್ದೆಂದು ನೋಡಿದವರಿಗೆ ಗೊತ್ತಾಗಬಾರದು, ಅಷ್ಟೇ ಅವನ ಹಟ.

ಅದೇ ಕೈ, ಅದೇ ಕಣ್ಣು ಸಂಜೆ ಮನೆಯಲ್ಲಿ ಬೇರೆ ಕೆಲಸಕ್ಕೆ ಒದಗುತ್ತಿದ್ದವು. ಊಟದ ಮೇಜಿನ ಅರ್ಧ ಭಾಗ ಅವನ ಸೈನ್ಯದ ವಶದಲ್ಲಿತ್ತು. ಹೆಬ್ಬೆರಳಿಗಿಂತ ಚಿಕ್ಕ ಲೋಹದ ಸಿಪಾಯಿಗಳು. ಎರಡೇ ಕೂದಲಿನಷ್ಟು ಸಣ್ಣ ಕುಂಚದಿಂದ ಅವರ ಅಂಗಿಯ ಗುಂಡಿ, ಬೆಲ್ಟಿನ ಹಿತ್ತಾಳೆ, ಕಣ್ಣಿನ ಬಿಳಿ, ಗಲ್ಲದ ಮೇಲಿನ ಕುರುಚಲು ಗಡ್ಡ ಎಲ್ಲವನ್ನೂ ಉಸಿರು ಬಿಗಿಹಿಡಿದು ಬಳಿಯುತ್ತಿದ್ದ. ಹೆಂಡತಿ ಉಳಿದರ್ಧ ಮೇಜಿನಲ್ಲಿ ತಟ್ಟೆ ಇಡುತ್ತಾ, "ನಾನು ಈ ಮನೆಗೆ ಬಂದಾಗಿಂದ ಯುದ್ಧ ನಡೀತಾನೇ ಇದೆ. ಒಬ್ಬನೂ ಸತ್ತಿಲ್ಲ, ಜನಸಂಖ್ಯೆ ಮಾತ್ರ ಬೆಳೀತಿದೆ" ಎನ್ನುತ್ತಿದ್ದಳು.

ಮನೆಯಲ್ಲಿ ನಿಜವಾದ ಸಿಪಾಯಿಯೂ ಒಬ್ಬರಿದ್ದರು. ಹೆಂಡತಿಯ ಅಪ್ಪ. ತಮ್ಮ ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ಮುಂದಿನ ಕೋಣೆಯಲ್ಲಿ ನೆಲೆಸಿದ್ದ ಮಾವ ಹರೆಯದಲ್ಲಿ ಕೆಲವು ವರ್ಷ ಸೈನ್ಯದಲ್ಲಿದ್ದರು. ಆಮೇಲೆ ನಿವೃತ್ತರಾಗುವವರೆಗೂ ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಕೆಲಸ. ಆ ಯಂತ್ರಗಳ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ಮಾತು ಕಡಿಮೆ, ಅದರಲ್ಲೂ ಸೈನ್ಯದ ಮಾತು ಎತ್ತಿದರೆ ಬಾಯಿಗೆ ಬೀಗ. ಅಳಿಯ ಅದೆಷ್ಟೋ ಸಲ ಕೆದಕಿ ನೋಡಿದ್ದ. ಅವರು ನಕ್ಕು, "ಅದೆಲ್ಲ ಯಾಕೆ ಬಿಡಿ ಅಳಿಯಂದ್ರೆ" ಎಂದು ಪೇಪರು ಹಿಡಿಯುತ್ತಿದ್ದರು. ಒಮ್ಮೆ ಮಾತ್ರ ಅವರ ಕಾಲದಲ್ಲಿ ಯುದ್ಧ ನಡೆದ ಒಂದು ಗುಡ್ಡದ ಚಿತ್ರ ಪೇಪರಿನಲ್ಲಿ ಬಂದಿದ್ದಾಗ ಬೆರಳಿಟ್ಟು ಹೇಳಿದ್ದರು: "ಇಲ್ಲಿ ಮಣ್ಣು ಕೆಂಪು. ಬೂಟಿಗೆ ಅಂಟಿದ್ರೆ ಬಿಡೋದೇ ಇಲ್ಲ. ಚಾಕು ತಗೊಂಡು ಕೆರೀಬೇಕು." ಅಷ್ಟು ಹೇಳಿ ಪುಟ ತಿರುಗಿಸಿದ್ದರು.

ಅಳಿಯನಿಗೆ ಅಷ್ಟೇ ಸಾಕಾಯಿತು. ಆ ಗುಡ್ಡವನ್ನೇ ಮಾಡಲು ಕೂತ. ಹಲ್ಲಿನ ಅಚ್ಚಿಗೆ ತಂದ ಪ್ಲಾಸ್ಟರಿನಲ್ಲೇ ಬಂಡೆಗಳನ್ನು ಎರೆದ, ಒಸಡಿನ ಬಣ್ಣಕ್ಕೆ ಕಂದು ಬೆರೆಸಿ ಮಣ್ಣಿನ ಕೆಂಪು ಹಿಡಿದ, ಅಂಗಿಯ ತೋಳು ಮಡಚಿದ ಸಿಪಾಯಿಗಳನ್ನು ಬಂಡೆಯಿಂದ ಬಂಡೆಗೆ ಹತ್ತಿಸಿದ. ಎಲ್ಲರಿಗಿಂತ ಮುಂದೆ ಹತ್ತುತ್ತಿದ್ದವನಿಗೆ ಮಾವನ ಹಳೆಯ ಫೋಟೋ ನೋಡಿ ಅವರ ಮುಖವನ್ನೇ ಕೊಟ್ಟ. ನೀಳ ಗಲ್ಲ, ಕೂಡಿಕೊಂಡ ಹುಬ್ಬು, ಎಲ್ಲ ಹಾಗೆಯೇ.

ಅವನಂತೆ ಸಿಪಾಯಿ ಬಳಿಯುವವರದೊಂದು ಸಂಘವಿತ್ತು. ಹೊಲಿಗೆ ಅಂಗಡಿಯ ಮಹಡಿಯ ಕೋಣೆಯಲ್ಲಿ ಭಾನುವಾರ ಸೇರುತ್ತಿದ್ದರು. ಅಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಭೂತಗನ್ನಡಿ ಎಂಬ ಅಡ್ಡಹೆಸರಿನ ಒಬ್ಬ ಹಳೆಯ ಸರ್ವೇಯರಿಗೆ. ಯಾರು ಏನು ತಂದರೂ ಜೇಬಿನಿಂದ ಭೂತಗನ್ನಡಿ ತೆಗೆದು, ತಪ್ಪು ಹುಡುಕುವವರೆಗೂ ಬಿಡುತ್ತಿರಲಿಲ್ಲ. ಆ ದಿನವೂ ಬಗ್ಗಿ ನೋಡಿ, "ತೋಳು ಮಡಚಿದ್ದಾರಲ್ಲ, ಯಾವ ಆಧಾರದ ಮೇಲೆ? ಮಣ್ಣು ಇಷ್ಟು ಕೆಂಪು ಅಂತ ಯಾರು ಹೇಳಿದ್ರು?" ಎಂದರು.

"ನಮ್ಮ ಮಾವ" ಎಂದ ಅವನು.

"ಅವರು ಅಲ್ಲಿದ್ರಾ? ಗುಡ್ಡದ ಮೇಲೆ?"

ಗೊತ್ತಿಲ್ಲ ಎನ್ನಬಹುದಿತ್ತು. ಕೇಳಿಕೊಂಡು ಬರುತ್ತೇನೆ ಎನ್ನಬಹುದಿತ್ತು. ಸುತ್ತ ನಿಂತವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. "ಹೌದು" ಎಂದುಬಿಟ್ಟ. ಭೂತಗನ್ನಡಿ ಕನ್ನಡಿಯನ್ನು ಜೇಬಿಗೆ ಹಾಕಿಕೊಂಡರು. ಅಂಥದ್ದನ್ನು ಆ ಕೋಣೆಯಲ್ಲಿ ಯಾರೂ ಕಂಡಿರಲಿಲ್ಲ. ಅವನಿಗೆ ಹೊಟ್ಟೆ ತುಂಬ ಹಾಲು ಕುಡಿದಂತಾಯಿತು.

ಒಂದು ಹೌದಿಗೆ ಇನ್ನೊಂದು ಸೇರುತ್ತಾ ಹೋಯಿತು. ಮಾವನ ಕಿವಿ ಕೆಟ್ಟದ್ದು ಪಂಪಿನಿಂದಲ್ಲ, ಫಿರಂಗಿಯಿಂದ ಎಂದಾಯಿತು. ಅವರೇ ಮೊದಲು ಮೇಲೆ ಹತ್ತಿದ್ದು ಎಂದಾಯಿತು. ಗುಡ್ಡಕ್ಕೆ ಬಹುಮಾನ ಬಂತು. ಸುದ್ದಿ ಹೇಗೋ ಆ ನಿಜವಾದ ಗುಡ್ಡದ ಬುಡದಲ್ಲಿರುವ ಯುದ್ಧ ಸ್ಮಾರಕದವರೆಗೂ ಹೋಯಿತು. ಸ್ಮಾರಕದ ಪಕ್ಕದಲ್ಲಿ ಪುಟ್ಟ ಮ್ಯೂಸಿಯಂ, ಅದರಲ್ಲಿ ಹೊಸದಾಗಿ ಒಂದು ಕೋಣೆ ತೆರೆಯುವವರಿದ್ದರು. ಮೇಲ್ವಿಚಾರಕಿ ಫೋನು ಮಾಡಿ, ನಿಮ್ಮ ಗುಡ್ಡವನ್ನು ನಮಗೆ ಕೊಡುತ್ತೀರಾ, ಆವತ್ತು ನಿಮ್ಮ ಮಾವನವರೂ ಬಂದರೆ ನಮ್ಮ ಭಾಗ್ಯ ಎಂದರು. "ಬರ್ತಾರೆ, ಬರದೆ ಏನು" ಎಂದು ಅವನು ಒಪ್ಪಿಕೊಂಡ.

ಮನೆಯಲ್ಲಿ ಹೇಳಿದ್ದು ಬೇರೆ. ಮಗಳಿಗೆ ಕಾಲೇಜಿಗೆ ರಜ, ಎಲ್ಲರೂ ಕಾರಿನಲ್ಲಿ ಹೋಗಿಬರೋಣ, ದಾರಿಯಲ್ಲಿ ನಾಲ್ಕಾರು ಸ್ಮಾರಕ ಸಿಗುತ್ತವೆ, ಕೊನೆಗೆ ಗುಡ್ಡವನ್ನು ಮ್ಯೂಸಿಯಂಗೆ ಒಪ್ಪಿಸಿ ಬರೋಣ.

"ಜನ ರಜಕ್ಕೆ ಸಮುದ್ರ ನೋಡೋಕೆ ಹೋಗ್ತಾರೆ" ಎಂದಳು ಹೆಂಡತಿ. "ನಾವು ಸತ್ತವರ ಹೆಸರು ಓದೋಕೆ ಹೋಗೋದಾ?"

ಮಾವ ಬರುವುದಿಲ್ಲ ಎಂದರೆ ಏನು ಗತಿ ಎಂದು ಅವನು ಯೋಚಿಸುತ್ತಿದ್ದ. ಅವರು ಪೇಪರು ಮಡಚಿಟ್ಟು, "ನಾನೂ ಬರ್ತೀನಿ. ಆಮೇಲೆ ಆ ಕಡೆ ಹೋಗೇ ಇಲ್ಲ" ಎಂದರು.

ದಾರಿಯಲ್ಲಿ ಹೇಳಿಬಿಡುತ್ತೇನೆ ಎಂದುಕೊಂಡಿದ್ದ. ಮಾವ, ನಿಮ್ಮ ಬಗ್ಗೆ ಸ್ವಲ್ಪ ಹೆಚ್ಚಿಗೆ ಹೇಳಿಬಿಟ್ಟಿದ್ದೀನಿ, ಅಲ್ಲಿ ಯಾರಾದರೂ ಕೇಳಿದರೆ ಸುಮ್ಮನೆ ತಲೆಯಾಡಿಸಿ ಎನ್ನುವುದು. ಮನಸ್ಸಿನಲ್ಲಿ ಅದು ಸಣ್ಣ ಮಾತು. ಬಾಯಿಗೆ ಬರುವಾಗ ದೊಡ್ಡದಾಗುತ್ತಿತ್ತು.

ಗುಡ್ಡದ ಪೆಟ್ಟಿಗೆಯನ್ನು ಹಿಂದಿನ ಸೀಟಿನ ನಡುವೆ ಇಟ್ಟು ಬೆಲ್ಟು ಬಿಗಿದಿದ್ದ. ಒಂದು ಪಕ್ಕ ಮಗಳು, ಇನ್ನೊಂದು ಪಕ್ಕ ಮೊಣಕಾಲು ಎದೆಗೆ ತಗಲುವಂತೆ ಮಡಚಿಕೊಂಡು ಮಾವ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಅವನು, "ಪೆಟ್ಟಿಗೆ ಹಿಡ್ಕೊಳ್ಳಿ, ಪೆಟ್ಟಿಗೆ" ಎನ್ನುತ್ತಿದ್ದ.

"ತಾತನಿಗೆ ಏನಾದ್ರೂ ಆಗಲಿ, ಸಿಪಾಯಿಗಳಿಗೆ ಏಟಾಗಬಾರದು, ಅಲ್ವಾಪ್ಪ?" ಎಂದಳು ಮಗಳು. ಮಾವ ನಕ್ಕರು. ಅವನೂ ನಕ್ಕ.

ಮೊದಲ ಸ್ಮಾರಕದ ಬಳಿ ಕಾರು ನಿಲ್ಲಿಸಿದಾಗ ಮಾವ ಇಳಿಯಲಿಲ್ಲ. "ನೀವು ನೋಡ್ಕೊಂಡು ಬನ್ನಿ. ನಾನು ಕಾರು ಕಾಯ್ತೀನಿ."

"ಈ ಕಾರನ್ನ ಯಾರು ಕದೀತಾರೆ ತಾತ? ಕದ್ದವನೇ ತಳ್ಕೊಂಡು ಹೋಗಬೇಕು" ಎಂದಳು ಮಗಳು. ಆದರೂ ಅವರು ಇಳಿಯಲಿಲ್ಲ. ಮುಂದಿನದರಲ್ಲೂ ಇಳಿಯಲಿಲ್ಲ.

ಎರಡನೆಯದು ಕಲ್ಲಿನ ಎತ್ತರದ ಕಂಬ. ಬುಡದಲ್ಲಿ ತಲೆ ತಗ್ಗಿಸಿ ನಿಂತ ಸಿಪಾಯಿಯ ವಿಗ್ರಹ, ಅದರ ಕೆಳಗೆ ನೆಲದ ಕಲ್ಲಿನಲ್ಲಿ ಕೆತ್ತಿದ ಹೆಸರುಗಳು. ಅವನು ವಿಗ್ರಹದ ಸೊಂಟಕ್ಕೆ ಕೈ ಹಾಕಿ, "ನೋಡು, ಈ ಬಕಲ್ಲು ತಪ್ಪು. ಈ ನಮೂನೆ ಬಂದಿದ್ದೇ ಯುದ್ಧ ಮುಗಿದ ಮೇಲೆ. ಕೆತ್ತಿದವನು ಯಾರನ್ನೂ ಕೇಳಿಲ್ಲ" ಎಂದು ಮಗಳಿಗೆ ವಿವರಿಸುತ್ತಿದ್ದ. ಬೆರಳಿನಿಂದ ಟೋಪಿಯ ಅಂಚನ್ನು ಅಳೆದ. ಕಾಲಿಗೆ ಕಟ್ಟಿದ ಬಟ್ಟೆಪಟ್ಟಿಯ ಸುತ್ತು ಎಣಿಸಲು ಬಗ್ಗಿದ. ಹಿಂದಿನಿಂದ ಯಾರೋ ಮೆಲ್ಲಗೆ, "ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಎಂದರು. ನಡುವಯಸ್ಸಿನ ಒಬ್ಬಾಕೆ ಕೈಯಲ್ಲಿ ಹೂ ಹಿಡಿದು ಅದೆಷ್ಟು ಹೊತ್ತಿನಿಂದ ನಿಂತಿದ್ದಳೋ. ಅವನ ಚಪ್ಪಲಿ ಒಂದು ಹೆಸರಿನ ಮೇಲಿತ್ತು.

"ಸಾರಿ ಆಂಟಿ" ಎಂದದ್ದು ಮಗಳು. ಕಾರಿನವರೆಗೂ ಅವಳು ಅಪ್ಪನಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಡೆದಳು. ಅವನ ಕಿವಿ ಬಿಸಿಯಾಗಿತ್ತು. ಆದರೂ ಕಾರು ಹೊರಟ ಮೇಲೆ, "ಬಕಲ್ಲು ತಪ್ಪೇ" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಸಂಜೆ ತಂಗಿದ ಲಾಡ್ಜಿನಲ್ಲಿ ಪೆಟ್ಟಿಗೆ ಬಿಚ್ಚಿ ನೋಡಿದರೆ ಒಬ್ಬ ಸಿಪಾಯಿಯ ಬಂದೂಕು ಮುರಿದಿತ್ತು. ಹೆಂಡತಿ, ಮಗಳು ಬ್ರೆಡ್ಡು ಹಣ್ಣು ತರಲು ಹೋಗಿದ್ದರು. ಅವನು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಚಿಮುಟದಿಂದ ಹಿಡಿದು ಅಂಟು ಹಾಕುತ್ತಿದ್ದ. ಮಾವ ಹತ್ತಿರ ಬಂದು ನಿಂತರು. ಆ ಗುಡ್ಡವನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು. ಮನೆಯಲ್ಲಿ ಮೇಜಿನ ಆ ತುದಿಗೆ ಅವರು ಹೋಗುತ್ತಲೇ ಇರಲಿಲ್ಲ.

"ಬಣ್ಣ ಸರಿಯಾಗಿ ಹಿಡಿದಿದೀರಿ" ಎಂದರು.

ಅವನಿಗೆ ಖುಷಿಯಾಯಿತು. ಹೇಳಬೇಕಾದ್ದನ್ನು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಎಂದು ಗೊತ್ತಾಯಿತು. ಅಷ್ಟರಲ್ಲಿ ಮಾವ ಎಲ್ಲರಿಗಿಂತ ಮುಂದೆ ಹತ್ತುತ್ತಿದ್ದವನನ್ನು ತೋರಿಸಿ, "ಇವನ್ಯಾರು?" ಎಂದರು.

"ಸುಮ್ನೆ, ಒಬ್ಬ."

ಮಾವ ಕಣ್ಣು ಕಿರಿದು ಮಾಡಿ ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಸತ್ತವರು ಎಲ್ಲೂ ಕಾಣಿಸ್ತಿಲ್ಲವಲ್ಲ" ಎಂದರು.

"ಬಿದ್ದವರನ್ನ ಮಾಡಿದ್ರೆ ನೋಡೋಕೆ ಚೆನ್ನಾಗಿರಲ್ಲ ಮಾವ."

"ಅದೂ ಸರಿಯೇ" ಎಂದು ಅವರು ಮಂಚದ ಮೇಲೆ ಹೋಗಿ ಕೂತರು. ಅವನು ಅಂಟು ಒಣಗುವುದನ್ನೇ ಕಾಯುತ್ತಾ ಕೂತ. ಬ್ರೆಡ್ಡು ಹಣ್ಣು ಬಂದವು. ಮಾತು ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಗುಡ್ಡ ತಲುಪಿದರು. ಅವನು ಪ್ಲಾಸ್ಟರಿನಲ್ಲಿ ಮಾಡಿದ್ದಕ್ಕಿಂತ ಅದು ಕುಳ್ಳಗಿತ್ತು, ಅಗಲವಾಗಿತ್ತು, ಮೇಲೆಲ್ಲ ಹುಲ್ಲು ಬೆಳೆದಿತ್ತು. ಬುಡದಲ್ಲಿ ಹೆಸರು ಕೆತ್ತಿದ ಉದ್ದನೆಯ ಗೋಡೆ, ಅದರ ಪಕ್ಕ ಹೆಂಚಿನ ಪುಟ್ಟ ಮ್ಯೂಸಿಯಂ. ಈ ಸಲ ಮಾವ ಕಾರಿನಿಂದ ಇಳಿದರು. ಗೋಡೆಯ ಕಡೆ ಹೋಗದೆ, ಗುಡ್ಡದ ಕಡೆಗೂ ನೋಡದೆ, ರಸ್ತೆಯಾಚೆಯ ಒಂದು ಬಯಲನ್ನು ನೋಡುತ್ತಾ ನಿಂತರು.

ಹೊಸ ಕೋಣೆಯಲ್ಲಿ ಹೆಚ್ಚು ಜನರಿರಲಿಲ್ಲ. ಸತ್ತವರ ಮನೆಯವರು ಕೆಲವರು, ಊರಿನ ಕೆಲವರು. ಒಬ್ಬ ಅಜ್ಜಿ ಮಡಚುವ ಕುರ್ಚಿಯೊಂದನ್ನು ತಾವೇ ತಂದು ಹಾಕಿಕೊಂಡು ಮುಂದೆ ಕೂತಿದ್ದರು. ಗುಡ್ಡವನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಾಗ ಎಲ್ಲರೂ ಸುತ್ತ ಸೇರಿ, ಅಬ್ಬ ಎಷ್ಟು ಚೆನ್ನಾಗಿದೆ ಎಂದರು. ಮೇಲ್ವಿಚಾರಕಿ, ನೀಟಾಗಿ ಕೂದಲು ಕಟ್ಟಿದ ಚುರುಕಿನ ಹೆಂಗಸು, ನಾಲ್ಕು ಮಾತಾಡಲು ನಿಂತರು. ಕಲಾವಿದರು ಎಂದು ಅವನನ್ನು ಪರಿಚಯಿಸಿದರು. ಆಮೇಲೆ ದನಿ ತಗ್ಗಿಸಿ, "ಇದು ಬರೀ ಕಲ್ಪನೆಯಲ್ಲ. ಆ ದಿನ ಈ ಗುಡ್ಡವನ್ನು ಮೊದಲು ಹತ್ತಿದ ಸಿಪಾಯಿಯ ಬಾಯಿಂದಲೇ ಕೇಳಿ ಮಾಡಿದ್ದು. ಅವರು ಇವತ್ತು ನಮ್ಮ ನಡುವೆ ಇದ್ದಾರೆ" ಎಂದು ಮಾವನ ಕಡೆ ಕೈ ತೋರಿಸಿದರು.

ಕೂತಿದ್ದವರೆಲ್ಲ ಎದ್ದು ನಿಂತರು. ಅಜ್ಜಿಯೂ ಕುರ್ಚಿಯ ತೋಳು ಹಿಡಿದು ಎದ್ದರು. ಚಪ್ಪಾಳೆ ಬಿತ್ತು.

ಮಾವನಿಗೆ ಮಾತು ಪೂರ್ತಿ ಕೇಳಿಸಿರಲಿಲ್ಲ. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು ಪಕ್ಕದಲ್ಲಿದ್ದ ತಮ್ಮ ಮಗಳ ಕಡೆ ವಾಲಿ, "ಏನಂತೆ?" ಎಂದರು. ಹೆಂಡತಿ ಅಪ್ಪನ ಕಿವಿಯ ಬಳಿ ಬಗ್ಗಿ ಹೇಳಿದಳು. ಹೇಳುತ್ತಾ ಹೇಳುತ್ತಾ ಗಂಡನ ಕಡೆ ಕಣ್ಣೆತ್ತಿದಳು. ಆ ನೋಟವನ್ನು ಅವನು ಎದುರಿಸಲಾರದೆ ಗಾಜಿನ ಪೆಟ್ಟಿಗೆಯ ಮೇಲಿದ್ದ ಬೆರಳ ಗುರುತನ್ನು ಅಂಗಿಯ ತೋಳಿನಿಂದ ಒರೆಸತೊಡಗಿದ.

ಅಷ್ಟರಲ್ಲಿ ಅಜ್ಜಿ ಮಾವನ ಮುಂದೆ ಬಂದಿದ್ದರು. ಪುಟ್ಟ ದೇಹ, ದಪ್ಪ ಕನ್ನಡಕ. "ನಮ್ಮಣ್ಣ ಇಲ್ಲೇ ಹೋಗಿದ್ದು" ಎಂದರು ಗಟ್ಟಿಯಾಗಿ, ಕಿವಿ ಕೇಳದವರ ಜೊತೆ ಮಾತಾಡಿ ಅಭ್ಯಾಸವಿದ್ದಂತೆ. "ಸೀಟಿ ಅಂತ ಕರೀತಿದ್ರು ಅವನನ್ನ. ಯಾವಾಗ ನೋಡಿದ್ರೂ ಸಿಳ್ಳೆ ಹಾಕೋನು. ನೀವು ಮೇಲಿದ್ರಲ್ಲ, ನೋಡಿದ್ರಾ ಅವನನ್ನ? ಅವನಿಗೆ ಹೇಗಾಯ್ತು ಅಂತ ನಮಗೆ ಯಾರೂ ಸರಿಯಾಗಿ ಹೇಳಲೇ ಇಲ್ಲ."

ಮಾವ ಅಳಿಯನ ಕಡೆ ನೋಡಿದರು. ಆ ಕಣ್ಣಿನಲ್ಲಿ ಕೋಪವಿರಲಿಲ್ಲ. ಏನು ಮಾಡಲಿ ಹೇಳಿ ಎನ್ನುವಂತಿತ್ತು. ತಮ್ಮ ಹೆಸರಿನಲ್ಲಿ ಸುಳ್ಳು ಹೇಳಿದವನನ್ನು ಹಿಡಿದುಕೊಡಬೇಕೋ, ಉಳಿಸಬೇಕೋ ಎಂದು ಅವರು ಕಾಯುತ್ತಿದ್ದರು.

ಆಗಲಾದರೂ ಹೇಳಬಹುದಿತ್ತು. ಆದರೆ ಬಾಯಿಂದ ಬಂದದ್ದು ಬೇರೆ: "ಮಾವನಿಗೆ ಕಿವಿ ಅಷ್ಟಾಗಿ ಕೇಳಿಸಲ್ಲಮ್ಮ. ನೆನಪೂ ಈಗ ಅಷ್ಟಕ್ಕಷ್ಟೇ. ಏನೇನೋ ಮಾತಾಡಿಬಿಡ್ತಾರೆ. ಅವರನ್ನ ಕೇಳಿ ಪ್ರಯೋಜನ ಇಲ್ಲ."

ಹೇಳಿ ಮುಗಿಸುವ ಮೊದಲೇ ತಾನು ಏನು ಹೇಳಿದೆನೆಂದು ಅವನಿಗೆ ಗೊತ್ತಾಗಿತ್ತು. ಗಟ್ಟಿಯಾಗಿಯೇ ಹೇಳಿದ್ದ. ಮಾವನಿಗೆ ಒಂದೊಂದು ಅಕ್ಷರವೂ ಕೇಳಿಸಿತ್ತು.

"ಅಯ್ಯೋ ಪಾಪ" ಎಂದರು ಅಜ್ಜಿ. ಮಾವನ ಕೈ ತಟ್ಟಿ, ಮಕ್ಕಳಿಗೆ ಹೇಳುವಂತೆ, "ಪರವಾಗಿಲ್ಲ, ಪರವಾಗಿಲ್ಲ" ಎಂದು ತಮ್ಮ ಕುರ್ಚಿ ಮಡಚಿಕೊಂಡು ಹೊರಗೆ ಹೊರಟರು. ಸುತ್ತಲಿದ್ದವರ ಮುಖದಲ್ಲಿ ಗೌರವ ಹೋಗಿ ಕನಿಕರ ಬಂತು. ಮಾವ ಪಂಪ್‌ಹೌಸಿನ ಕಾಲದ ಕೋಟಿನ ಗುಂಡಿ ಹಾಕಿಕೊಂಡು, ಯಾರನ್ನೂ ನೋಡದೆ, ಅಜ್ಜಿ ಹೋದ ದಾರಿಯಲ್ಲೇ ಹೊರಗೆ ನಡೆದರು.

"ಅಪ್ಪ" ಎಂದಳು ಮಗಳು. ಅಷ್ಟೇ ಅಂದಳು. ಅವಳು ಅಂಥ ದನಿಯಲ್ಲಿ ಕರೆದದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ಅವನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಅವನೂ ಹೊರಗೆ ಹೋದ. ಹೆಸರಿನ ಗೋಡೆಯ ಕೊನೆಗೆ ಒಂದು ಮರ. ಅದರ ಕೆಳಗೆ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾವ ಎದುರಿಗೆ ನಿಂತು ಮಾತಾಡುತ್ತಿದ್ದರು. ಅವರ ಬೆನ್ನು ಇವನ ಕಡೆಗಿತ್ತು. ಹತ್ತಿರ ಹೋಗುವ ಧೈರ್ಯವಾಗದೆ ಗೋಡೆಯ ಬದಿಯಲ್ಲೇ ನಿಂತ. ಕಿವಿ ಮಂದವಾದವರ ದನಿ ದೊಡ್ಡದು. ಎಲ್ಲ ಕೇಳಿಸುತ್ತಿತ್ತು.

"ನನಗೆ ಮರೆವು ಇಲ್ಲಮ್ಮ. ಇದ್ದಿದ್ರೆ ಚೆನ್ನಾಗಿತ್ತು. ನಾನು ಗುಡ್ಡ ಹತ್ತಲೇ ಇಲ್ಲ. ಕೆಳಗೆ ಆ ಬಯಲಲ್ಲಿ ನಮ್ಮ ಉಗ್ರಾಣ ಇತ್ತು. ಕಂಬಳಿ, ಬೂಟು, ಅಂಗಿ ಕೊಡೋದು ನನ್ನ ಕೆಲಸ. ಮೇಲೆ ಹೋಗೋರಿಗೆಲ್ಲ ನಾನೇ ಬೂಟು ಕೊಟ್ಟು ಕಳಿಸಿದ್ದು. ಆಮೇಲೆ ಅವರನ್ನ ಕೆಳಗೆ ತಂದ್ರು." ಅವರು ನಿಲ್ಲಿಸಿದರು. "ಬೂಟಿನ ಕೊರತೆ ಇತ್ತು. ಹಿಂದೆ ಬರೋ ತುಕಡಿಗೆ ಬೇಕು, ಸತ್ತವರ ಕಾಲಿಂದ ಬಿಚ್ಚಿ ತಗೋ ಅಂತ ಮೇಲಿನವರ ಆರ್ಡರು. ಬಿಚ್ಚಿದೆ. ಮಣ್ಣು ಕೆರೆದು, ತೊಳೆದು, ಒಣಗಿಸಿ, ಬೇರೆಯವರಿಗೆ ಕೊಟ್ಟೆ. ಅದನ್ನೇ ಹಾಕ್ಕೊಂಡು ಅವರೂ ಹತ್ತಿದ್ರು. ಮುಖ ನೋಡ್ತಿರಲಿಲ್ಲಮ್ಮ ನಾನು. ಕಾಲು ಮಾತ್ರ ನೋಡ್ತಿದ್ದೆ. ನಿಮ್ಮಣ್ಣ ಅದರಲ್ಲಿ ಇದ್ರೋ ಇಲ್ವೋ ನನಗೆ ಗೊತ್ತಿಲ್ಲ. ಇದ್ದಿರಬಹುದು."

ಗಾಳಿಗೆ ಮರದ ಎಲೆ ಉದುರುತ್ತಿತ್ತು. ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಅವನ ಕಾಲು ತುಂಬ ದೊಡ್ಡದು" ಎಂದರು. "ಅಂಗಡಿಯಲ್ಲಿ ಅಳತೆ ಸಿಗ್ತಿರಲಿಲ್ಲ. ಅವನ ಬೂಟು ಬೇರೆ ಯಾರಿಗೂ ಆಗ್ತಿರಲಿಲ್ಲ." ಹೇಳುತ್ತಾ ನಗು ಬಂದು, ಆ ನಗುವಿನ ನಡುವೆಯೇ ಬಾಯಿ ಮುಚ್ಚಿಕೊಂಡರು. ಮಾವ ಅವರ ಪಕ್ಕದಲ್ಲಿ ನೆಲದ ಮೇಲೆ, ಕೋಟು ಕೊಳೆಯಾಗುವುದನ್ನೂ ನೋಡದೆ, ಕೂತರು.

ತಾನು ಕೇಳಬಾರದ್ದನ್ನು ಕೇಳುತ್ತಾ ನಿಂತಿದ್ದೇನೆ ಎಂದು ಅವನಿಗೆ ಅನ್ನಿಸಿತು. ಇದನ್ನು ತಿಳಿಯಬೇಕೆಂದೇ ಇಷ್ಟು ವರ್ಷ ಅವರನ್ನು ಕೆದಕಿದ್ದ. ಬೂಟಿನ ಮಣ್ಣು ಎಂದಾಗ ಯಾರ ಬೂಟು ಎಂದು ಒಂದು ಸಲವೂ ಕೇಳಿರಲಿಲ್ಲ. ತಿರುಗಿ ಮ್ಯೂಸಿಯಂ ಒಳಗೆ ಹೋದ.

ಮೇಲ್ವಿಚಾರಕಿ ಚಹದ ಲೋಟ ಹಂಚುತ್ತಿದ್ದರು. "ಮೇಡಂ, ನಮ್ಮ ಮಾವ ಗುಡ್ಡದ ಮೇಲೆ ಇರಲಿಲ್ಲ" ಎಂದ.

"ಪರವಾಗಿಲ್ಲ ಸಾರ್" ಎಂದರು ಅವರು ಮೃದುವಾಗಿ. "ವಯಸ್ಸಾದವರು. ಒಂದೊಂದು ಸಲ ಒಂದೊಂದು ಹೇಳ್ತಾರೆ. ನಮ್ಮ ತಂದೆಯವರೂ ಹಾಗೇ."

"ಅವರು ಮರೆತಿಲ್ಲ."

"ನೀವು ಬೇಜಾರು ಮಾಡ್ಕೋಬೇಡಿ. ನಮಗೆಲ್ಲ ಅರ್ಥ ಆಗುತ್ತೆ."

ತಾನು ಹರಡಿದ ಸುಳ್ಳು ತನ್ನ ನಿಜದ ಬಾಯಿಗೇ ಬಟ್ಟೆ ತುರುಕುತ್ತಿತ್ತು. "ಅವರಿಗೆ ಎಲ್ಲ ನೆನಪಿದೆ ಮೇಡಂ" ಎಂದ, ದನಿ ಎತ್ತರಿಸಿ. "ಅವರು ಯಾವತ್ತೂ ಹಾಗೆ ಹೇಳಿಕೊಂಡೇ ಇಲ್ಲ. ಸುಳ್ಳು ಹೇಳಿದ್ದು ನಾನು. ಮೊದಲು ನಮ್ಮ ಸಂಘದಲ್ಲಿ, ಆಮೇಲೆ ನಿಮಗೆ. ಇವತ್ತು ಮರೆವು ಅಂದದ್ದೂ ಸುಳ್ಳು."

ಮೇಲ್ವಿಚಾರಕಿಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಚಹ ಕುಡಿಯುತ್ತಿದ್ದವರು ಒಬ್ಬೊಬ್ಬರಾಗಿ ತಿರುಗಿದರು. ಕೋಣೆಯ ಮೂಲೆಯಲ್ಲಿ ಹೆಂಡತಿ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದಳು.

"ಅವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು" ಎಂದರು ಮೇಲ್ವಿಚಾರಕಿ. ದನಿಯಲ್ಲಿ ಮೃದುತನ ಉಳಿದಿರಲಿಲ್ಲ. "ನನ್ನ ಮಾತು ನಂಬಿ ತಟ್ಟಿದ್ರು. ನಾನು ನಿಮ್ಮ ಮಾತು ನಂಬಿದ್ದೆ. ಇದನ್ನ ನೀವೇ ಅವರಿಗೆ ಹೇಳಿ."

ಹೇಳಿದ. ಚೆನ್ನಾಗಿ ಹೇಳಲಾಗಲಿಲ್ಲ. ಮಧ್ಯೆ ತೋಳು ಮಡಚಿದ ವಿಷಯ ಬಂತು, ಭೂತಗನ್ನಡಿಯ ವಿಷಯ ಬಂತು, ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಕೊನೆಗೆ ಒಬ್ಬ ಗಂಡಸು, "ಅಂದ್ರೆ ಈ ಬೊಂಬೆಗಳೆಲ್ಲ ಸುಳ್ಳು ಅಂತಾನಾ?" ಎಂದು ಕೇಳಿದ. ಇನ್ನೊಬ್ಬಾಕೆ ಲೋಟ ಕೆಳಗಿಟ್ಟು ಹೊರಗೆ ಹೋದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮೇಲ್ವಿಚಾರಕಿ ಗಾಜಿನ ಪೆಟ್ಟಿಗೆಗೆ ಒಂದು ಬಟ್ಟೆ ಹೊದಿಸಿ, "ಇದನ್ನ ಏನು ಮಾಡೋದು ಅಂತ ಆಮೇಲೆ ತಿಳಿಸ್ತೀವಿ" ಎಂದು ಬೆನ್ನು ತಿರುಗಿಸಿದರು.

ವಾಪಸು ಬರುವಾಗ ಕಾರಿನಲ್ಲಿ ಮಾವ ಕಾಲು ಚಾಚಿ ಮಲಗಿದರು. ಮಗಳು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿದ್ದಳು. ಬಹಳ ದೂರ ಬಂದ ಮೇಲೆ ಅವನು ಮೆಲ್ಲಗೆ, "ನಾನು ಸುಳ್ಳು ಹೇಳಬಾರದಿತ್ತು" ಎಂದ.

ಹೆಂಡತಿ ಹೊರಗೆ ನೋಡುತ್ತಲೇ ಉತ್ತರಿಸಿದಳು. "ನೀವು ಅವರನ್ನ ದೊಡ್ಡ ವೀರ ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ ರೀ. ಅದು ಹುಚ್ಚು, ಎಲ್ಲರಿಗೂ ಒಂದೊಂದು ಹುಚ್ಚು ಇರುತ್ತೆ. ನೀವು ಸಿಕ್ಕಿಬಿದ್ದ ತಕ್ಷಣ ಅಪ್ಪನ್ನ ಮರೆವಿನ ಮುದುಕ ಮಾಡಿಬಿಟ್ರಲ್ಲ. ಅಷ್ಟು ಸಲೀಸಾಗಿ. ಅದು ನನ್ನ ಮನಸ್ಸಿಂದ ಹೋಗ್ತಾ ಇಲ್ಲ."

ಸಂಜೆ ಒಂದು ಕಡೆ ಚಹಕ್ಕೆ ನಿಲ್ಲಿಸಿದಾಗ ಮಾವನ ಮುಂದೆ ಹೋಗಿ, "ಮಾವ, ತಪ್ಪಾಯ್ತು" ಎಂದ. ಮಾವ ಲೋಟಕ್ಕೆ ಊದುತ್ತಾ, "ಆಯ್ತು ಬಿಡಿ" ಎಂದರು. ಕ್ಷಮಿಸಿದರೋ, ಮಾತು ಬೇಡವೆಂದರೋ ಅವನಿಗೆ ಗೊತ್ತಾಗಲಿಲ್ಲ. ಮೊದಲೆಲ್ಲ ಹೆಸರಿನ ಬದಲು ಪ್ರೀತಿಯಿಂದ ಸೇರಿಸುತ್ತಿದ್ದ ಅಳಿಯಂದ್ರೆ ಎನ್ನುವ ಮಾತು ಅದರಲ್ಲಿ ಇರಲಿಲ್ಲ.

ಮುಂದಿನ ಭಾನುವಾರ ಸಂಘಕ್ಕೆ ಹೋಗಿ ಅಲ್ಲೂ ಹೇಳಿದ. ಬಹುಮಾನದ ಫಲಕವನ್ನು ಮೇಜಿನ ಮೇಲಿಟ್ಟ. ಭೂತಗನ್ನಡಿ ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ತೋಳು ಮಡಚಿದ್ದಕ್ಕೆ ಆಧಾರವೇ ಇಲ್ಲ" ಎಂದರು. ಇನ್ನೊಬ್ಬ, ಬೇಸಿಗೆಯಾಗಿದ್ದರೆ ಮಡಚಿರಬಹುದು ಎಂದ. ಬೇಸಿಗೆಯೋ ಅಲ್ಲವೋ ಎಂದು ಚರ್ಚೆ ಶುರುವಾಯಿತು. ಮೆಟ್ಟಿಲು ಇಳಿಯುವಾಗಲೂ ಆ ಚರ್ಚೆ ಅವನಿಗೆ ಕೇಳಿಸುತ್ತಿತ್ತು. ಅವರ ಜಾಗದಲ್ಲಿದ್ದರೆ ತಾನೂ ಅದನ್ನೇ ಕೇಳುತ್ತಿದ್ದೆ ಎಂದುಕೊಂಡಾಗ ಇನ್ನಷ್ಟು ನಾಚಿಕೆಯಾಯಿತು.

ಸ್ಮಾರಕದಿಂದ ಬಂದ ಮೇಲೆ ಮನೆಗೆ ಒಂದು ಹೊಸ ಅಭ್ಯಾಸ ಬಂತು. ಮಧ್ಯಾಹ್ನದ ಊಟ ಮುಗಿದ ಮೇಲೆ ಆ ಅಜ್ಜಿ ಫೋನು ಮಾಡುತ್ತಿದ್ದರು. ದಿನವೂ ಅಲ್ಲ, ಮನಸ್ಸು ಬಂದಾಗ. ಮಾವ ಮುಂದಿನ ಕೋಣೆಯಲ್ಲಿ ಕೂತು ಮಾತಾಡುತ್ತಿದ್ದರು. ಕಾಲು ದೊಡ್ಡದಾಗಿದ್ದ ಆ ಅಣ್ಣನ ಸಿಳ್ಳೆಯ ಕತೆ ಅವರು ಹೇಳುವರು, ಉಗ್ರಾಣದ ಕತೆ ಇವರು ಹೇಳುವರು. ಕಂಬಳಿಗೆ ಹಿಡಿದ ಹೇನು, ಮಳೆಗೆ ಊದಿಕೊಂಡ ಚರ್ಮದ ವಾಸನೆ, ಬೂಟಿನ ಅಳತೆಗಾಗಿ ಸಾಲಿನಲ್ಲಿ ನಿಂತು ತಮಾಷೆ ಮಾಡುತ್ತಿದ್ದ ಹುಡುಗರು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮನೆಯಲ್ಲಿ ಯಾರೂ ಕೇಳಿರದ ಮಾತುಗಳು.

ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿದು ಅವನು ಮನೆಯಲ್ಲೇ ಇದ್ದ. ಊಟದ ಮೇಜಿನ ಬಳಿ ಕೂತು, ಬಹಳ ದಿನಗಳ ಮೇಲೆ ಕುಂಚಕ್ಕೆ ಬಣ್ಣ ತಾಗಿಸಿದ್ದ. ಮುಂದಿನ ಕೋಣೆಯಲ್ಲಿ ಫೋನು ಬಂತು. "ಹೂಂ, ಹೇಳಿಯಮ್ಮ" ಎಂದು ಮಾವನ ದೊಡ್ಡ ದನಿ. ಸ್ವಲ್ಪ ಹೊತ್ತು ಅವರು ಕೇಳಿಸಿಕೊಂಡರು. ಆಮೇಲೆ, "ಅಂಗಿನಾ? ಅಂಗಿ ಹೇಗೆ ಹಾಕ್ಕೋತಿದ್ರು ಅಂದ್ರೆ" ಎಂದು ಶುರುಮಾಡಿದರು.

ಅವನ ಕುಂಚ ನಿಂತಿತು. ತೋಳು ಮಡಚುತ್ತಿದ್ದರೋ ಇಲ್ಲವೋ, ಇನ್ನೊಂದು ವಾಕ್ಯದಲ್ಲಿ ಗೊತ್ತಾಗುತ್ತಿತ್ತು. ಬಗ್ಗಿ ಕಿವಿಗೊಟ್ಟೂ ಬಿಟ್ಟಿದ್ದ. ತಾನು ಹಾಗೆ ಬಗ್ಗಿರುವುದು ತನಗೇ ಕಂಡಿತು. ಕುಂಚವನ್ನು ನೀರಿನ ಲೋಟದಲ್ಲಿಟ್ಟು ಎದ್ದ. ಸದ್ದಾಗದಂತೆ ಹೋಗಿ, ಮಾವ ಕಣ್ಣೆತ್ತಿ ನೋಡುವುದರೊಳಗೆ, ಎರಡು ಕೋಣೆಗಳ ನಡುವಿನ ಬಾಗಿಲನ್ನು ಮುಚ್ಚಿದ. ಆ ಕಡೆ ಮಾತು ಮುಂದುವರಿಯಿತು. ದನಿ ಮಾತ್ರ ಬರುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ.